ಮಾವನ ವಯಸ್ಸಿಗೊಂದು ಇಂಗ್ಲಿಷ್ ಪದ

ಇವತ್ತು ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ. ಹಾಲು ಕಾಸಿದೆ. ನಲ್ಲಿಯಲ್ಲಿ ನೀರು ಬಂತು, ಎರಡು ಡ್ರಮ್ಮು, ಮೂರು ಬಿಂದಿಗೆ ತುಂಬಿಸಿದೆ. ಗ್ಯಾಸ್ ಬುಕ್ ಮಾಡಿದೆ. ಮಾವನ ಬಿಳಿ ಅಂಗಿಯ ಮೇಲಿನ ಗುಂಡಿ ಸಡಿಲವಾಗಿತ್ತು, ಹೊಲಿದು ಇಸ್ತ್ರಿ ಮಾಡಿದೆ. ಸಕ್ಕರೆ ಡಬ್ಬಕ್ಕೆ ಇರುವೆ ಮುತ್ತಿತ್ತು, ಬಿಸಿಲಿಗಿಟ್ಟೆ. ಒಂಬತ್ತು ಗಂಟೆಯ ಬಸ್ಸಿಗೆ ನಾವು ಮೂವರೂ ಗುಂಡ್ಲುಪೇಟೆಗೆ ಹೋಗಿ ಮಾವನಿಗೆ ಹೆಣ್ಣು ನೋಡಿಕೊಂಡು ಬಂದೆವು. ಬರುವಾಗ ಮಿಲ್ಲಿಗೆ ಕೊಟ್ಟಿದ್ದ ರಾಗಿ ಹಿಟ್ಟು ಎತ್ತಿಕೊಂಡೆ. ಒಣಗಿದ ಬಟ್ಟೆ ಮಡಚಿದೆ.

ಪಟ್ಟಿಯಲ್ಲಿ ಒಂದು ಕಡೆ ನಿಮ್ಮ ಕಣ್ಣು ತಡೆದು ನಿಂತಿರಬೇಕು. ನೀವು ತಪ್ಪಾಗಿ ಓದಿಲ್ಲ. ಮಾವ ಎಂದರೆ ನಮ್ಮನೆಯವರ ತಂದೆ. ಹೆಣ್ಣು ಎಂದರೆ ಹೆಣ್ಣೇ. ನನಗಾದರೂ ಇದೇನು ದಿನಾ ಮಾಡುವ ಕೆಲಸವಲ್ಲ. ಆದರೆ ಇಸ್ತ್ರಿಗೂ ರಾಗಿ ಹಿಟ್ಟಿಗೂ ನಡುವೆ ಅದೂ ಒಂದು ಕೆಲಸವಾಗಿಯೇ ಮುಗಿಯಿತು. ಅದಕ್ಕೆ ಮುಂಚೆ ಒಂದೇ ಒಂದು ಇಂಗ್ಲಿಷ್ ಪದಕ್ಕಾಗಿ ನಾನು ಪಟ್ಟ ಪಾಡಿದೆಯಲ್ಲ, ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಮಾವ ಮೂವತ್ತೈದು ವರ್ಷ ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನಲ್ಲಿ ವಾಚರ್ ಆಗಿದ್ದವರು. ಅತ್ತೆ ಹೋಗಿ ಹನ್ನೊಂದು ವರ್ಷವಾಯಿತು, ಮಾವ ರಿಟೈರಾಗಿ ಒಂಬತ್ತು. ಅಂದಿನಿಂದ ಚಾಮರಾಜನಗರದಲ್ಲಿ ನಮ್ಮ ಜೊತೆಗಿದ್ದಾರೆ. ನನಗೆ ಅವರಿಂದ ಒಂದು ದಿನವೂ ತೊಂದರೆಯಾಗಿಲ್ಲ. ತಮ್ಮ ಹಾಸಿಗೆ ತಾವೇ ಸುತ್ತುತ್ತಾರೆ, ತಟ್ಟೆ ತಾವೇ ತೊಳೆಯುತ್ತಾರೆ, ಕೇಳದೆಯೇ ಬೆಳ್ಳುಳ್ಳಿ ಬಿಡಿಸಿಕೊಡುತ್ತಾರೆ. ಅವರಿಗಿದ್ದ ಕೊರತೆ ಒಂದೇ. ಹೊಟ್ಟೆ ತುಂಬ ಕತೆಗಳಿದ್ದವು, ಕೇಳುವವರಿರಲಿಲ್ಲ. ನಾವು ಅವನ್ನೆಲ್ಲ ಎಷ್ಟು ಸಲ ಕೇಳಿದ್ದೆವೆಂದರೆ, ಊಟಕ್ಕೆ ಕೂತು "ಬೆಳುದಿಂಗ್ಳು ಕಣವ್ವ ಅವತ್ತು..." ಎಂದು ಅವರು ಶುರು ಮಾಡಿದರೆ, ನಮ್ಮನೆಯವರು ತಟ್ಟೆಯಿಂದ ತಲೆ ಎತ್ತದೆಯೇ "ಆಮೇಲೆ ಆನೆ ಬಂತು" ಎಂದು ಮುಗಿಸಿಬಿಡುತ್ತಿದ್ದರು. ನಾವು ನಗುತ್ತಿದ್ದೆವು. ಮಾವನೂ ನಗುತ್ತಿದ್ದರು. ನಕ್ಕಾದ ಮೇಲೆ ಮುದ್ದೆ ಮುರಿಯುತ್ತ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದು ಬಹಳ ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದ ಮೇಲೆ ನಗುವುದು ಕಷ್ಟವಾಯಿತು.

ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ತೋರಿಸಿ ಬರಬೇಕು. ಅದರ ಹೆಸರು ಲೈಫ್ ಸರ್ಟಿಫಿಕೇಟು. ಮನುಷ್ಯನೇ ಎದುರಿಗೆ ಬಂದು ನಿಂತು ಕೆಮ್ಮಿದರೂ ಸಾಲದು, ಯಂತ್ರಕ್ಕೆ ಬೆರಳು ಒತ್ತಬೇಕು. ಮಾವನ ಖಾತೆ ಇರುವುದು ಗುಂಡ್ಲುಪೇಟೆಯಲ್ಲಿ. ಮಚ್ಚು ಹಿಡಿದು ಹಿಡಿದು ಸವೆದ ಅವರ ಬೆರಳನ್ನು ಈ ಸಲ ಯಂತ್ರ ಒಪ್ಪಲಿಲ್ಲ. ಅವರ ಮುಂದೆ ನಿಂತಿದ್ದ ಹೆಂಗಸಿನ ಬೆರಳನ್ನೂ ಒಪ್ಪಿರಲಿಲ್ಲ. ಅದು ಆಸ್ಪತ್ರೆಯ ಲೋಷನ್ನಿನಲ್ಲಿ ತೊಳೆದು ತೊಳೆದು ಸವೆದದ್ದು. ಬದುಕಿಲ್ಲವೆಂದು ಯಂತ್ರ ತೀರ್ಮಾನಿಸಿದ ಇಬ್ಬರೂ ಒಂದೇ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತರು.

ಇದಾಗಿ ಎರಡು ವಾರಕ್ಕೆ, ನಾನು ಸೊಪ್ಪು ಬಿಡಿಸುತ್ತಿದ್ದಾಗ ಮಾವ ಬೆಳ್ಳುಳ್ಳಿ ಬುಟ್ಟಿ ಹಿಡಿದು ಎದುರಿಗೆ ಬಂದು ಕೂತರು.

"ಒಂದಿಸ್ಯ ಹೇಳ್ಬೇಕಿತ್ತು ಕಣವ್ವ. ನಿನ್ ಗಂಡಂಗ ಹೇಳ್ಬ್ಯಾಡ, ಎಗರಾಡ್ತನ."

"ಏನ್ ಮಾವ?"

"ಬ್ಯಾಂಕ್ನಲ್ಲಿ ಒಬ್ರು ಸಿಸ್ಟ್ರು ಸಿಕ್ಕಿದ್ರು ಅಂದ್ನಲ್ಲ, ಸರೋಜಮ್ಮ ಅಂತ. ಗುಂಡ್ಲುಪ್ಯಾಟೇಲೆ ಮನ. ಮದುವನೇ ಆಗಿಲ್ವಂತ. ಆಯಮ್ಮ ಆನ ಕತ ಪೂರ್ತಿ ಕೇಳುದ್ರು ಕಣವ್ವ. ಮದ್ಯದಲ್ಲಿ ಬಾಯಾಕ್ನಿಲ್ಲ."

"ಆಮೇಲೆ?"

"ಆಮ್ಯಾಲ ಅವ್ರೂ ಒಂದ್ ವಾರ್ಡಿನ ಕತ ಸುರು ಮಾಡುದ್ರು. ಅರ್ದ ಆಗಿತ್ತು, ಒಳಿಕ್ ಕರುದ್ಬುಟ್ರು. ಆ ರೋಗಿ ಉಳುದ್ನಾ ಸತ್ನಾ ತಿಳೀನಿಲ್ಲ. ನಂಬರ್ ಇಸ್ಕಂಡಿದ್ದೆ, ತಿಳ್ಕಳನ ಅಂತ ಫೋನ್ ಮಾಡ್ದೆ." ಒಂದು ಬೆಳ್ಳುಳ್ಳಿ ಎಸಳನ್ನು ಸುಲಿದು, ಸಿಪ್ಪೆಯನ್ನು ಬಟ್ಟಲಿಗೂ ಎಸಳನ್ನು ಕಸಕ್ಕೂ ಹಾಕಿದರು. "ಈಗ ದಿನಾ ಮಾಡ್ತಿವಿ. ಮೊನ್ನ ಕೇಳ್ಬುಟ್ಟೆ, ಮದುವ ಆಗನ್ವ ಅಂತ. ಬಯೋಡೇಟಾ ಕಳ್ಸಿ ನೋಡ್ತಿನಿ ಅಂದ್ರು."

ನಗು ಗಂಟಲವರೆಗೆ ಬಂದಿತ್ತು. ಮಾವನ ಮುಖ ನೋಡಿ ನುಂಗಿಕೊಂಡೆ. ಎಸ್ಸೆಸ್ಸೆಲ್ಸಿ ರಿಸಲ್ಟು ನೋಡಲು ಬೋರ್ಡಿನ ಮುಂದೆ ನಿಂತ ಹುಡುಗರ ಮುಖ ಹಾಗಿರುತ್ತದೆ.

ಗಂಡನಿಗೆ ಹೇಳಬೇಡವೆಂದದ್ದನ್ನು ಅಂದೇ ಹೇಳಿದೆ. ನಮ್ಮನೆಯವರು ಎಗರಾಡಲಿಲ್ಲ. ಮಂಚದ ಮೇಲೆ ಕೂತು ಬಹಳ ಹೊತ್ತು ಕಾಲಿನ ಹೆಬ್ಬೆರಳು ನೋಡಿದರು. "ರಜೆ ಚೀಟೀಲಿ ಏನಂತ ಬರೀಲಿ ರತ್ನಾ? ಫಾದರ್ಸ್ ಮ್ಯಾರೇಜ್ ಅಂತಲಾ? ನಮ್ಮ ಸಾಹೇಬ್ರು ತಪ್ಪು ಬರ್ದಿದ್ದಾನೆ ಅಂತ ಬ್ರದರ್ಸ್ ಅಂತ ತಿದ್ದಿ ಸೈನ್ ಹಾಕ್ತಾರೆ."

"ಅವರಿಗೆ ಬೇಕಾಗಿರೋದು ಕತೆ ಕೇಳೋರು. ನೀವು ಕೇಳ್ತೀರಾ?" ಎಂದೆ.

"ಯಾವ ಕತೆ? ಬೆಳದಿಂಗಳದ್ದಾ?" ಎಂದವರು ನಾಲಿಗೆ ಕಚ್ಚಿಕೊಂಡರು.

ಮರುದಿನ ಮಾವನನ್ನು ಕರೆದುಕೊಂಡು ರಹಮತ್ ಭಾಯಿ ಅಂಗಡಿಗೆ ಹೋದೆ. ಟೈಪಿಂಗು, ಜೆರಾಕ್ಸು, ಲಗ್ನಪತ್ರಿಕೆ ಎಲ್ಲ ಅವರಲ್ಲೇ. ಅವರ ಕಂಪ್ಯೂಟರಿನಲ್ಲಿ ಬಯೋಡೇಟಾದ ನಮೂನೆ ಮೊದಲೇ ಸಿದ್ಧವಿರುತ್ತದೆ, ಹೆಸರು ತುಂಬಿದರೆ ಆಯಿತು. ಮೊದಲನೇ ಸಾಲೇ 'ನೇಮ್ ಆಫ್ ದಿ ಬಾಯ್' ಎಂದಿತ್ತು.

"ಬಾಯ್ ಯಾರಕ್ಕಾ?" ಎಂದರು ರಹಮತ್ ಭಾಯಿ, ನಮ್ಮ ಹಿಂದೆ ಇನ್ಯಾರಾದರೂ ಇದ್ದಾರೋ ಎಂದು ಇಣುಕಿ.

"ನಾನೇ ಕಣಪ್ಪ," ಎಂದರು ಮಾವ.

ರಹಮತ್ ಭಾಯಿ ದೊಡ್ಡ ಮನುಷ್ಯ. "ಕೂತ್ಕೊಳ್ಳಿ ಯಜಮಾನ್ರೇ. ನಿಕಾ ಆಗೋ ತನಕ ಎಲ್ಲಾರೂ ಬಾಯೇ, ಅದನ್ನ ತೆಗಿಯೋದು ಬೇಡ," ಎಂದು ಕುರ್ಚಿ ಎಳೆದುಕೊಟ್ಟರು.

ಹೆಸರು ಸಿದ್ದಮಾದಯ್ಯ, ಸಲೀಸಾಗಿ ಹೋಯಿತು. ಎತ್ತರ ಗೋಡೆಗೆ ನಿಲ್ಲಿಸಿ ಅಳೆದೆವು. ಮೈಬಣ್ಣದ ಕಡೆ ರಹಮತ್ ಭಾಯಿ ಎಲ್ಲರಿಗೂ ಹಾಕುವ ಹಾಗೆ 'ವೀಟಿಶ್' ಹಾಕಿದರು. ಹಾಗೆಂದರೆ ಗೋಧಿ ಬಣ್ಣ ಎಂದು ಬಿಡಿಸಿ ಹೇಳಿದೆ.

"ಗೋದಿ ನಮ್ ಕಡ ಎಲ್ ಬೆಳೀತರಪ್ಪ? ರಾಗಿ ಅಂತ ಹಾಕು," ಎಂದರು ಮಾವ.

ರಾಗಿಗೆ ನಮೂನೆಯಲ್ಲಿ ಜಾಗವಿರಲಿಲ್ಲ. ಹಾಗೂ ಹೀಗೂ ವಯಸ್ಸಿನ ಕಾಲಮ್ಮಿಗೆ ಬಂದೆವು. ಅಲ್ಲಿ ಗಾಡಿ ನಿಂತಿತು.

"ನಂಬರ್ ಹಾಕ್ಬೇಡಿ ಅಕ್ಕಾ," ಎಂದರು ರಹಮತ್ ಭಾಯಿ ನನ್ನ ಕಡೆ ಬಾಗಿ. "ಅರವತ್ತೊಂಬತ್ತು ಅಂತ ಕಂಡ್ರೆ ಕೆಳಗಿನ ಲೈನು ಯಾರೂ ಓದಲ್ಲ. ನಂಬರ್ ಜಾಗದಲ್ಲಿ ಒಂದು ಒಳ್ಳೇ ಇಂಗ್ಲಿಷ್ ವರ್ಡ್ ಹಾಕಿ, ಇಜ್ಜತ್ ಇರೋ ವರ್ಡು. ಯೋಚನೆ ಮಾಡ್ಕೊಂಡು ನಾಳೆ ಬನ್ನಿ."

ಇಂಗ್ಲಿಷಿಗೂ ನನಗೂ ಇರುವ ಸಂಬಂಧ ಅಷ್ಟಕ್ಕಷ್ಟೇ. ಅದಕ್ಕೆ ಕಾರಣ ಚಂದಕವಾಡಿಯ ನನ್ನ ಅಜ್ಜಿ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಮನೆಯವರ ಬಗ್ಗೆ ಐದು ವಾಕ್ಯ ಬರೆಸಿದ್ದರು. ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ: ಮೈ ಗ್ರ್ಯಾಂಡ್‌ಮದರ್ ಈಸ್ ಓಲ್ಡ್. ಅಜ್ಜಿ ಹುಣಸೆಹಣ್ಣು ಜಜ್ಜುತ್ತಿದ್ದಳು. ಬೀಜ ಸಿಡಿದು ನನ್ನ ಪುಸ್ತಕದ ಮೇಲೆ ಬೀಳುತ್ತಿದ್ದವು.

"ಏನಮ್ಮಿ ಅದು, ನನ್ ಕಡ ನೋಡ್ಕಂಡು ಓದ್ತಿದ್ದಿಯೆ?"

"ನಿಂಗ ವಯಸ್ಸಾಗದ ಅಂತ ಅಜ್ಜಿ."

"ಅದ ತಿಳ್ಕಳಕ್ಕ ಇಸ್ಕೂಲ್ಗ ಬ್ಯಾರ ಓಯ್ತಿದ್ದಿಯಾ?" ಎಂದು ಕೊಡತಿ ಎತ್ತಿದಳು. ಹೊಡೆಯಲಿಲ್ಲ. ಮಧ್ಯಾಹ್ನ ನನಗೊಂದು ಮುದ್ದೆ ಕಡಿಮೆ ಹಾಕಿದಳು, ಅಷ್ಟೆ.

ಆಮೇಲೆ ಯೋಚಿಸಿದ್ದೇನೆ, ನಮ್ಮ ಕೇರಿಯಲ್ಲಿ ಯಾರನ್ನೂ ಮುಖದ ಮೇಲೆ ವಯಸ್ಸಾದವರು ಎನ್ನುತ್ತಿರಲಿಲ್ಲ. ಅವರೇನು ಮಾಡುತ್ತಾರೆ, ಏನು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದರು. ಸೂಜಿಗೆ ದಾರವನ್ನು ಇನ್ನೊಬ್ಬರ ಕೈಲಿ ಪೋಣಿಸಿಕೊಳ್ಳುವವರು ಒಂದು ಬಗೆ. ಮುದ್ದೆಯನ್ನು ನುಂಗುವುದು ಬಿಟ್ಟು ಸಾರಿನಲ್ಲಿ ಕಲಸಿ ಕುಡಿಯುವವರು ಇನ್ನೊಂದು. ಬಾವಿಯಿಂದ ತುಂಬಿದ ಕೊಡ ತರುವವಳು, ಅರ್ಧ ಕೊಡ ತರುವವಳು, ಬರಿಯ ಹಗ್ಗ ಹಿಡಿದುಕೊಂಡು ಜೊತೆಗೆ ಬರುವವಳು. ನನ್ನ ಅಜ್ಜಿ ಕೊನೆಯ ಎರಡು ವರ್ಷ ಹಗ್ಗ ಹಿಡಿದುಕೊಂಡು ಬರುತ್ತಿದ್ದಳು. ಬಾವಿಯ ಹತ್ತಿರ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವಳು ಅವಳೇ. ಎಲ್ಲಿಗೋ ಹೋದೆ ನೋಡಿ. ಪದ ಹುಡುಕುತ್ತಿದ್ದೆನಲ್ಲವೆ?

ಶಾಲೆಯಲ್ಲಿ ನನಗೆ ಬಹುಮಾನವಾಗಿ ಬಂದ ಡಿಕ್ಷನರಿಯೊಂದಿದೆ. ಮಾರ್ಕಿಗಲ್ಲ, ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದದ್ದಕ್ಕೆ ಕೊಟ್ಟದ್ದು. ಅದನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಸಾಯಂಕಾಲ ಪಡಸಾಲೆಯಲ್ಲಿ ಹರಡಿಕೊಂಡು ಕೂತೆ. ಮಾವ ಎದುರಿಗೆ. ನಮ್ಮನೆಯವರು ಪೇಪರು ಓದುವವರ ಹಾಗೆ ಪೇಪರಿನ ಹಿಂದೆ.

"ಸೀನಿಯರ್ ಸಿಟಿಜನ್ ಅಂತ ಹಾಕನ್ವ ಮಾವ?"

"ಅದು ಬಸ್ಸಲ್ಲಿ ಸೀಟಿನ ಮ್ಯಾಲ ಬರ್ದಿರದು ಕಣವ್ವ. ಅದ ಓದ್ಕಂಡೇ ಅದ್ರ ಕೆಳ್ಗ ಕಾಲೇಜುಡುಗ್ರು ಕೂತಿರ್ತರ."

"ಏಜ್ಡ್?"

ಪೇಪರಿನ ಹಿಂದಿನಿಂದ ಧ್ವನಿ ಬಂತು. "ಅದು ಅಫಿಡವಿಟ್ಟಿನ ಪದ. ನಮ್ಮ ಆಫೀಸಿಗೆ ಬರೋ ಪೇಪರಲ್ಲೆಲ್ಲ ಏಜ್ಡ್ ಅಬೌಟ್ ಅಂತಲೇ ಇರುತ್ತೆ. ಆರು ವರ್ಷದ ಮಗೂಗೂ ಏಜ್ಡ್ ಅಬೌಟ್ ಸಿಕ್ಸ್."

'ಎಲ್ಡರ್ಲಿ' ಬೇಡವೆಂದು ನನಗೇ ಅನ್ನಿಸಿತು. ಅದನ್ನು ನಾನು ಕೇಳಿರುವುದು ಕಣ್ಣಿನ ಕ್ಯಾಂಪುಗಳಲ್ಲಿ ಮಾತ್ರ. ಕೇಳಿದ ತಕ್ಷಣ ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ ಹಾಗಾಗುತ್ತದೆ. 'ಹೇಲ್ ಅಂಡ್ ಹೆಲ್ದಿ' ಎಂಬುದು ನಮ್ಮವರಿಗೆ ಬಲು ಇಷ್ಟದ ಮಾತು. ಆದರೆ ಅದನ್ನು ಬದುಕಿರುವವರಿಗೆ ಯಾರೂ ಹೇಳುವುದಿಲ್ಲ. ಸಾವಿನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು "ನಿನ್ನೆವರೆಗೂ ಹೇಲ್ ಅಂಡ್ ಹೆಲ್ದಿಯಾಗಿದ್ರು ಕಣ್ರೀ" ಎನ್ನುತ್ತಾರೆ. 'ಸ್ಟಿಲ್ ಆಕ್ಟಿವ್' ಎಂದರೆ ಇಷ್ಟು ಹೊತ್ತಿಗೆ ನಿಂತುಹೋಗಬೇಕಾಗಿತ್ತು ಎಂದ ಹಾಗೆ.

ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ತಾತನ ಮದುವೆಯ ಸುದ್ದಿ ಕೇಳಿ ನಮಗಾದಷ್ಟು ಆಶ್ಚರ್ಯ ಆಗಲಿಲ್ಲ. "ಅಮ್ಮಾ, ಸಿಲ್ವರ್ ಫಾಕ್ಸ್ ಅಂತ ಹಾಕು. ತಲೆ ನೆರೆತ ಮೇಲೂ ನೋಡಕ್ಕೆ ಚೆನ್ನಾಗಿರೋರಿಗೆ ಹಂಗಂತಾರೆ," ಎಂದಳು. ಅರ್ಥ ಹೇಳಿದೆ.

"ಬೆಳ್ಳಿ ನರಿಯಾ?" ಎಂದರು ಮಾವ. "ಮೂವತ್ತೈದೊರ್ಸ ಕಾಡ್ನಲ್ಲಿದ್ದಿನಿ. ಅಂತದೊಂದ್ನ ಕಾಣ್ನಿಲ್ಲ."

ಡಿಕ್ಷನರಿ ಮುಚ್ಚಿದೆ. ಮಾವ ಗಲ್ಲ ಕೆರೆದುಕೊಳ್ಳುತ್ತ ಹೇಳಿದರು: "ನಮ್ ಡಿಪಾರ್ಟ್‌ಮೆಂಟ್ನಲ್ಲಿ ಬ್ಯಾರ ಇತ್ತು ಕಣವ್ವ. ನೀರಿನ ಹತ್ರ ಕೂತು ಆನ ಎಣಿಸ್ತಿದ್ದೊ. ನಾನು ಹೇಳದು, ಗಾರ್ಡು ಬರ್ಕಳದು. ಮರಿಯಾದ್ರ ಕಾಫ್. ಆಮ್ಯಾಲ ಜುವನೈಲು. ಆಮ್ಯಾಲ ಸಬ್ ಅಡಲ್ಟು. ಆಮ್ಯಾಲ ಅಡಲ್ಟು. ಅಷ್ಟೇಯ."

"ಅಡಲ್ಟ್ ಆದ ಮೇಲೆ ಮಾವ?"

"ಅಡಲ್ಟೇ. ಸಾಯಾಗಂಟ ಅಡಲ್ಟೇ. ಕೆನ್ನ ಗುಳಿ ಬಿದ್ದಿದ್ರೂ ಬುಕ್ನಲ್ಲಿ ಅಡಲ್ಟು. ಗುಂಪಿಲ್ದೆ ಒಂದೇ ತಿರುಗ್ತಿದ್ರ ಪಕ್ಕದಲ್ಲಿ ಸಾಲಿಟರಿ ಅಂತ ಬರೀತಿದ್ರು."

ಎಂಥ ಮರ್ಯಾದೆಯ ಲೆಕ್ಕ ಎನ್ನಿಸಿತು ನನಗೆ. ಮಾರನೆಯ ದಿನ ನಾನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟೆ: ಏಜ್ ಎಂಬುದರ ಮುಂದೆ, ಅಡಲ್ಟ್ ಮೇಲ್, ಸಾಲಿಟರಿ. "ಸೂಪರ್ ಅಕ್ಕಾ, ಹೆವಿ ಇಂಗ್ಲಿಷು," ಎಂದು ರಹಮತ್ ಭಾಯಿ ದಪ್ಪಕ್ಷರದಲ್ಲಿ ಹೊಡೆದರು. ಅಲ್ಲಿಂದಲೇ ನನ್ನ ಫೋನಿನಿಂದ ಸರೋಜಮ್ಮನವರ ವಾಟ್ಸಾಪಿಗೆ ಕಳಿಸಿದೆವು.

ಸಂಜೆ ನಮ್ಮನೆಯವರು ಓದಿ ಹಣೆ ಚಚ್ಚಿಕೊಂಡರು. "ರತ್ನಾ! ಅಪ್ಪನ್ನ ತಗೊಂಡು ಹೋಗಿ ಆನೆ ಲೆಕ್ಕಕ್ಕೆ ಸೇರಿಸ್ಬಿಟ್ಟಿದೀಯಲ್ಲೇ! ಆಯಮ್ಮ ಓದಿರೋರು, ಏನಂದ್ಕೊಳಲ್ಲ?"

ಓಡಿಹೋಗಿ ಫೋನು ತೆಗೆದು ನೋಡಿದೆ. ಕಳಿಸಿದ್ದರ ಪಕ್ಕ ಎರಡು ನೀಲಿ ಗೆರೆ ಬಿದ್ದಿದ್ದವು, ಓದಿದ್ದಾರೆ. ಉತ್ತರವಿಲ್ಲ. ಅವತ್ತು ಮಾವನ ಫೋನೂ ಬಡಿಯಲಿಲ್ಲ. ಮರುದಿನವೂ ಇಲ್ಲ. ಮಾವ ಫೋನನ್ನು ಅಂಗಿಯ ಜೇಬಿನಿಂದ ತೆಗೆದು, ಚಾರ್ಜು ಇದೆಯೋ ನೋಡಿ, ಮತ್ತೆ ಜೇಬಿಗಿಡುತ್ತಿದ್ದರು. ಮೂರನೇ ದಿನ ಊಟಕ್ಕೆ ಕೂತಾಗ ನಮ್ಮನೆಯವರೇ "ಅಪ್ಪಾ, ಆ ಬೆಳದಿಂಗಳಲ್ಲಿ ಏನೋ ಆಯ್ತಲ್ಲ, ಅದೇನು?" ಎಂದು ಕೇಳಿದರು. "ಬುಡ್ಲಾ, ಆನ ಬಂತು," ಎಂದು ಮಾವ ಅಷ್ಟಕ್ಕೇ ಮುಗಿಸಿದರು. ಒಂದು ಪದದ ಆಸೆಗೆ ಬಿದ್ದು ಅವರ ಮದುವೆ ಕೆಡಿಸಿದೆನಲ್ಲ ಎಂದು ನನಗೆ ಮುದ್ದೆ ಒಳಗಿಳಿಯಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ನನ್ನ ಫೋನಿಗೇ ಕರೆ ಬಂತು.

"ಬಯೋಡೇಟಾ ಬರೆದೋರು ನೀವೇನಮ್ಮ?"

"ಹೂಂ ಸಿಸ್ಟರ್. ತಪ್ಪಾಗಿದ್ರೆ..."

"ಇರಿ ಇರಿ. ಮೂರು ದಿನದಿಂದ ಫೋನ್ ಮಾಡೋಣ ಅಂತ ತಗೋತೀನಿ, ನಗು ಬಂದ್ಬಿಡುತ್ತೆ, ಇಟ್ಬಿಡ್ತೀನಿ. ಇವತ್ತು ಗಟ್ಟಿ ಮನಸ್ಸು ಮಾಡಿದೀನಿ." ಆ ಕಡೆ ಮತ್ತೆ ನಕ್ಕರು. "ಅಡಲ್ಟ್ ಅಂತ ಬರೆದಿದೀರಿ. ನಮ್ಮಲ್ಲಿ ಅಡಲ್ಟ್ ಅಂದ್ರೆ ಔಷಧಿ ಫುಲ್ ಡೋಸು. ಎಲ್ಡರ್ಲಿ ಅಂದ್ರೆ ಅರ್ಧ. ಪೇಪರ್ ನೋಡ್ಕೊಂಡು ಹೇಳಕ್ಕಾಗಲ್ಲ. ಭಾನುವಾರ ಹುಡುಗನ್ನ ಕರ್ಕೊಂಡು ಬನ್ನಿ, ನೋಡಿ ತೀರ್ಮಾನ ಮಾಡ್ತೀನಿ."

ಹೀಗೆ ಇವತ್ತು ಹೋದೆವು. ಬಸ್ಸಿನಲ್ಲಿ ನಮ್ಮನೆಯವರು ನಮ್ಮಿಂದ ಮೂರು ಸೀಟು ಮುಂದೆ, ಯಾರಿಗೂ ಸಂಬಂಧವಿಲ್ಲದವರ ಹಾಗೆ ಕೂತರು. ತೆರಕಣಾಂಬಿಯಲ್ಲಿ ಯಾರೋ ಪರಿಚಯದವರು ಹತ್ತಿ "ಎಲ್ಲಿಗೆ ಸಾರ್ ಫ್ಯಾಮಿಲಿ ಸಮೇತ?" ಎಂದರೆ, "ಹೀಗೇ, ಒಂದು ಹುಡುಗನ್ ಕಡೆಯಿಂದ," ಎಂದರು. ಸುಳ್ಳು ಹೇಳಲಿಲ್ಲ ಪಾಪ.

ಸರೋಜಮ್ಮನವರದು ಚಿಕ್ಕ ಮನೆ, ಮೊಸಾಯಿಕ್ ನೆಲ, ಒಂದು ಹುಲ್ಲುಕಡ್ಡಿಯೂ ಬಿದ್ದಿರಲಿಲ್ಲ. ಅರವತ್ತನಾಲ್ಕರ ಹೆಂಗಸು, ನೆಟ್ಟಗೆ ನಿಲ್ಲುತ್ತಾರೆ. ಈಗಲೂ ಗಡಿಯಾರವನ್ನು ಒಳಗೈಗೆ ತಿರುಗಿಸಿ ಕಟ್ಟಿಕೊಳ್ಳುತ್ತಾರೆ. ಉಪ್ಪಿಟ್ಟು, ಕೇಸರಿಬಾತು ಬಂದವು. ತಿಂದಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, "ಕಾಫಿ ಒಳಗೆ ಬೆರೆಸಿಟ್ಟಿದೀನಿ. ಹುಡುಗ ತರಲಿ," ಎಂದರು.

ನಾವು ಮುಖ ಮುಖ ನೋಡಿಕೊಂಡೆವು.

"ನನ್ನನ್ನ ಹದಿನಾಲ್ಕು ಸಲ ನೋಡಿದ್ರು," ಎಂದರು ಸರೋಜಮ್ಮ. ಧ್ವನಿಯಲ್ಲಿ ದೂರಿರಲಿಲ್ಲ, ಚಾರ್ಟು ಓದುವ ಹಾಗಿತ್ತು. "ಹದಿನಾಲ್ಕು ಸಲವೂ ನಾನೇ ಕಾಫಿ ತಂದೆ. ನಡೆದು ತೋರಿಸು ಅಂದ್ರು, ನಡೆದೆ. ಸೂಜಿಗೆ ದಾರ ಪೋಣಿಸು ಅಂದ್ರು, ಪೋಣಿಸಿದೆ. ಆಮೇಲೆ, ಹುಡುಗಿ ನೈಟ್ ಡ್ಯೂಟಿ ಮಾಡ್ತಾಳೆ, ಬೇಡ ಅಂದ್ರು. ಹದಿನೈದನೇ ಸಲ ನಾನು ನೋಡ್ತೀನಿ."

ಮಾವ ಎದ್ದು ಒಳಗೆ ಹೋದರು. ಲೋಟಗಳು ತಟ್ಟೆಯ ಮೇಲೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವುದು ಅಡುಗೆ ಮನೆಯಿಂದಲೇ ಕೇಳುತ್ತಿತ್ತು. ಆನೆಯ ಮುಂದೆ ನಿಂತಿದ್ದ ಮನುಷ್ಯ! ಒಂದು ತೊಟ್ಟೂ ಚೆಲ್ಲದೆ ತಂದರು.

"ಈಗ ಬಾಗಿಲವರೆಗೆ ನಡೆದು ಬನ್ನಿ." ನಡೆದರು. "ಕನ್ನಡಕ ಇಲ್ಲದೆ ಆ ಕ್ಯಾಲೆಂಡರ್ ಓದಿ." ಓದಿದರು, ಅಮಾವಾಸ್ಯೆಯವರೆಗೆ. "ಚಾಪೆ ಮೇಲೆ ಕೂತ್ಕೊಳ್ಳಿ." ಕೂತರು. "ಈಗ ಏನನ್ನೂ ಹಿಡ್ಕೊಳ್ಳದೆ ಎದ್ದೇಳಿ."

ಮಾವನ ಎಡ ಮಂಡಿಯ ವಿಷಯ ನನಗೆ ಗೊತ್ತು. ಮೊದಲನೇ ಸಲ ಪ್ರಯತ್ನಿಸಿದರು, ಅರ್ಧಕ್ಕೆ ಬಂದು ಕೂತರು. ಎರಡನೇ ಸಲ ಕೈ ತಾನಾಗಿಯೇ ನೆಲಕ್ಕೆ ಹೋಯಿತು. ಮೂರನೇ ಸಲ ಪ್ರಯತ್ನಿಸಲಿಲ್ಲ. ನಮ್ಮನೆಯವರು ಕುರ್ಚಿಯ ತುದಿಗೆ ಬಂದಿದ್ದರು.

"ಏಳಕ್ಕಾಗದಿಲ್ಲ ಸಿಸ್ಟ್ರೇ," ಎಂದರು ಮಾವ. "ಮಂಡಿ ಓಗದ. ನಂಗ ಅರವತ್ತೊಂಬತ್ತು. ಪೇಪರ್ನಲ್ಲಿ ಬರೀನಿಲ್ಲ ಅಷ್ಟೆ."

"ಮಂಡಿಗೆ ಏನಾಯ್ತು?"

ನಮಗೆ ಗೊತ್ತಿದ್ದ ಉತ್ತರವೆಂದರೆ, ಸಲಗ ಅಟ್ಟಿಸಿಕೊಂಡು ಬಂದಾಗ ಬಂಡೆಯ ಮೇಲಿಂದ ಹಾರಿದ್ದು. ನಮ್ಮನೆಯವರು ಶಾಲೆಯಲ್ಲಿ ಅದನ್ನು ಪ್ರಬಂಧವಾಗಿ ಬರೆದು ಚಪ್ಪಾಳೆ ಹೊಡೆಸಿಕೊಂಡಿದ್ದರಂತೆ.

"ಮನೇಲಿ ಆನ ಅಂತ ಹೇಳಿವ್ನಿ," ಎಂದು ಮಾವ ಚಾಪೆಯ ಅಂಚು ನೋಡುತ್ತ ಹೇಳಿದರು. "ಆನೆಯೂ ಇಲ್ಲ, ಎಂತದೂ ಇಲ್ಲ. ಇಲ್ಲೇ ಬಸ್‌ಸ್ಟ್ಯಾಂಡ್ ಮುಂದ ಸೈಕಲ್ ತುಳೀತಾ ಸಿನಿಮಾ ಪೋಸ್ಟರ್ ನೋಡ್ತಿದ್ದೆ. ನಿಂತಿದ್ದ ಎತ್ತಿನ್ ಗಾಡೀಗ ಹೊಡುದ್ಬುಟ್ಟೆ."

"ಅಪ್ಪಾ!" ಎಂದರು ನಮ್ಮನೆಯವರು.

ಸರೋಜಮ್ಮನವರು ನಗಲು ಶುರು ಮಾಡಿದರು. ನಗುತ್ತ ನಗುತ್ತ ಕುರ್ಚಿಯಿಂದ ಇಳಿದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತುಬಿಟ್ಟರು. "ಯಾವ ಪೋಸ್ಟರು?" ಎಂದರು. ಮಾವ ಹೇಳಿದರು. ಅದಕ್ಕೆ ಅವರೂ ಏನೋ ಹೇಳಿದರು. ಕಾಲು ಗಂಟೆ ನಮ್ಮ ನೆನಪೇ ಅವರಿಗಿರಲಿಲ್ಲ. ಕೊನೆಗೆ "ಮಂಡಿಗೆ ಬಿಸಿ ನೀರು ತರ್ತೀನಿ" ಎಂದು ಏಳಲು ಹೋದ ಸಿಸ್ಟರು ಅರ್ಧಕ್ಕೆ ಬಂದು ಕೂತರು. "ಬಗ್ಗಿ ಬಗ್ಗಿ ಬೆಡ್ ಹಾಸಿ ಸೊಂಟ ಹೋಗಿದೆ," ಎಂದರು ಗಂಭೀರವಾಗಿ. ನಾನು ಅವರ ಎರಡೂ ಕೈ ಹಿಡಿದು ಎಬ್ಬಿಸಿದೆ. ನಮ್ಮನೆಯವರು ತಮ್ಮ ತಂದೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

"ಸಿಸ್ಟರ್, ಡೋಸು?" ಎಂದೆ ನಾನು ಮೆಲ್ಲಗೆ.

"ಮುಕ್ಕಾಲು," ಎಂದರು. "ಆದ್ರೆ ಸೊಸೆಯಾಗಿ ಬರೋ ವಯಸ್ಸಲ್ಲ ನಂದು. ಅವರೇ ಇಲ್ಲಿಗೆ ಬರಲಿ."

ಮಾವ ಸಿಸ್ಟರನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ, ನನ್ನನ್ನು ನೋಡಿದರು. ಇಷ್ಟು ದಿನ ಪದ ಹುಡುಕಿದವಳಿಗೆ ಇದು ಹೊಳೆದೇ ಇರಲಿಲ್ಲ. ನಾಳೆ ಬೆಳ್ಳುಳ್ಳಿ ಯಾರು ಬಿಡಿಸುತ್ತಾರೆ? ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟೆ, ಮತ್ತೆ ಬಿಡಿಸಿಟ್ಟೆ. ಹೆಣ್ಣು ಕಳಿಸಿಕೊಡುವವರಿಗೆ ಹೀಗೇ ಆಗುತ್ತದೇನೋ. "ತಿಂಗಳಿಗೆರಡು ಭಾನುವಾರ ನಮ್ಮನೆಗೆ ಕಳಿಸ್ಬೇಕು ಸಿಸ್ಟರ್, ಅದಕ್ಕೆ ಒಪ್ಪೋದಾದ್ರೆ," ಎಂದೆ. "ಇಬ್ರೂ ಬರ್ತೀವಿ," ಎಂದರು ಅವರು. ವಾಪಸು ಬರುವಾಗ ನಮ್ಮನೆಯವರು ತಂದೆಯ ಪಕ್ಕದಲ್ಲೇ ಕೂತು, ದಾರಿಯುದ್ದಕ್ಕೂ "ಎತ್ತಿನ ಗಾಡಿನಾ ಅಪ್ಪಾ?" ಎಂದು ಕೇಳುತ್ತಲೇ ಇದ್ದರು.

ರಾತ್ರಿಗೆ ಹುರುಳಿಕಾಳಿನ ಉಪ್ಸಾರು, ಖಾರ, ಮುದ್ದೆ. ಸಿಸ್ಟರು ಡಬ್ಬಿಯಲ್ಲಿ ಕಟ್ಟಿಕೊಟ್ಟ ಕೇಸರಿಬಾತನ್ನು ಕೊನೆಗೆ ಒಂದೊಂದು ಚಮಚ ಹಂಚಿದೆ. ಮಾವ ಇನ್ನರ್ಧ ಮುದ್ದೆ ಕೇಳಿ ಹಾಕಿಸಿಕೊಂಡರು. ಎಂಟು ಗಂಟೆಗೆ ಫೋನು ಬಂತು. ಮಾವ ಹಾಸಿಗೆಯ ಮೇಲೆ ಒರಗಿ, ಫೋನನ್ನು ಕಿವಿಗಾನಿಸಿಕೊಂಡು, ಸಣ್ಣ ಮಕ್ಕಳು ಕತೆ ಕೇಳುವಾಗ ಮಾಡುವ ಹಾಗೆ ಹೂಂ, ಹೂಂ ಎನ್ನುತ್ತಿದ್ದರು. ನಾನು ಪಾತ್ರೆ ಒರೆಸುತ್ತಿದ್ದೆ. ಎಂಟೂ ಮುಕ್ಕಾಲಿಗೆ ಹೂಂ ನಿಂತಿತು. ಹೋಗಿ ನೋಡಿದರೆ ಬಾಯಿ ಅರೆ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು, ಫೋನು ದಿಂಬಿನ ಮೇಲೆ ಜಾರಿ ಬಿದ್ದಿತ್ತು. ಅದರೊಳಗಿಂದ "ಮಾದಯ್ಯನೋರೇ?" ಎಂಬ ಧ್ವನಿ.

"ಮಲಗ್ಬಿಟ್ರು ಸಿಸ್ಟರ್," ಎಂದೆ.

"ಯಾವಾಗ?"

"ಗೊತ್ತಾಗ್ಲಿಲ್ಲ. ಹೂಂ ಅಂತಾನೇ ಇದ್ರು."

ಆ ಕಡೆ ನಕ್ಕರು. "ಹೊದಿಸಮ್ಮ, ಚಳಿ ಇದೆ," ಎಂದು ಫೋನಿಟ್ಟರು.

ಹೊದಿಸಿದೆ. ಮಾವನೇ ಮೊದಲು ಮಲಗಿದರು, ಆಮೇಲೆ ನಮ್ಮನೆಯವರು. ನಾನಿನ್ನೂ ಎದ್ದಿದ್ದೇನೆ.